ಬೂಟ್‌ಲೋಡರ್ ತೆರೆದ ಟ್ಯಾಬ್, ಸಡಿಲವಾದ ಚಾರ್ಜಿಂಗ್ ಜಾಕ್: ಕಲಬುರಗಿಯ ಒಂದು ವಾರಂಟಿ ಪ್ರಕರಣ

2024ರ ಮೇ 13ರಂದು ಕಲಬುರಗಿಯ ಒಂದು ಸರ್ವಿಸ್ ಸೆಂಟರ್ ನನ್ನ ಅಕ್ಕನ ಮಗನ ಕೈಗೆ ಕೊಟ್ಟ ಜಾಬ್ ಶೀಟಿನಲ್ಲಿ ಎರಡೇ ಸಾಲುಗಳಿದ್ದವು. ಮೊದಲನೆಯದು ಗ್ರಾಹಕರ ದೂರು: ಟ್ಯಾಬ್ ಚಾರ್ಜ್ ಆಗುತ್ತಿಲ್ಲ. ಎರಡನೆಯದು ಸೆಂಟರಿನ ತೀರ್ಮಾನ: ಬೂಟ್‌ಲೋಡರ್ ಅನ್‌ಲಾಕ್ ಆಗಿದೆ (ಅಂದರೆ ಕಂಪನಿಯದಲ್ಲದ ವ್ಯವಸ್ಥೆಯನ್ನು ತಡೆಯುವ ಬೀಗ ತೆರೆದಿದೆ), ವಾರಂಟಿ ಅನ್ವಯಿಸುವುದಿಲ್ಲ, ಮದರ್‌ಬೋರ್ಡ್ ಬದಲಾವಣೆಗೆ ಅಂದಾಜು ₹7,400. ಈ ಎರಡರ ನಡುವೆ ಒಂದು ಸಾಲು ಇರಬೇಕಾಗಿತ್ತು. ಯಾವ ಭಾಗ ಕೆಟ್ಟಿದೆ, ಯಾವ ಕಾರಣಕ್ಕೆ ಕೆಟ್ಟಿದೆ ಎಂಬ ಆ ಸಾಲನ್ನು ಯಾರೂ ಬರೆದಿರಲಿಲ್ಲ, ಏಕೆಂದರೆ ಯಾರೂ ಪರೀಕ್ಷಿಸಿರಲಿಲ್ಲ. ಮುಂದಿನ ಐದು ವಾರಗಳಲ್ಲಿ ನಾವು ಮಾಡಿದ್ದೆಲ್ಲವೂ ಆ ಒಂದು ಸಾಲನ್ನು ಬರೆಸುವುದಕ್ಕಾಗಿಯೇ ಆಗಿತ್ತು.

ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವನು, ವಕೀಲನಲ್ಲ. ಟ್ಯಾಬ್ ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಸರ್ವಿಸ್ ಸೆಂಟರಿನ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಈ ಪ್ರಶ್ನೆ ಯಾವುದೇ ಒಂದು ಕಂಪನಿಗೆ ಸೀಮಿತವಾದುದಲ್ಲ.

ಕೊಂಡದ್ದು ಮತ್ತು ತೆರೆದದ್ದು

ಹುಡುಗ ಜೇವರ್ಗಿ ತಾಲ್ಲೂಕಿನ ಹಳ್ಳಿಯವನು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಕಲಬುರಗಿಯಲ್ಲಿ ಇನ್ನಿಬ್ಬರ ಜೊತೆ ಕೋಣೆ ಮಾಡಿಕೊಂಡಿದ್ದಾನೆ. 2023ರ ಸೆಪ್ಟೆಂಬರಿನಲ್ಲಿ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ₹15,990 ಕೊಟ್ಟು ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ ಕೊಂಡ. 3 ಜಿಬಿ ರ್‍ಯಾಮ್, 32 ಜಿಬಿ ಸಂಗ್ರಹ, ಟ್ಯಾಬಿಗೆ ಒಂದು ವರ್ಷ ಮತ್ತು ಚಾರ್ಜರಿಗೆ ಆರು ತಿಂಗಳ ವಾರಂಟಿ. ಆ ಹಣ ಅವನ ತಂದೆ ತೊಗರಿ ಮಾರಿ ಕೊಟ್ಟದ್ದು ಎಂಬುದನ್ನು ಹೇಳುವ ಕಾರಣವಿಷ್ಟೇ: ₹7,400ರ ಅಂದಾಜು ನೋಡಿ "ಹೋಗಲಿ ಬಿಡು, ಹೊಸದು ತಗೊಂಡರಾಯಿತು" ಎನ್ನುವ ಸ್ಥಿತಿ ಆ ಮನೆಯಲ್ಲಿ ಇರಲಿಲ್ಲ.

ಮೂರೇ ತಿಂಗಳಲ್ಲಿ ಟ್ಯಾಬ್ ನಿಧಾನವಾಯಿತು. ಕಂಪನಿಯೇ ತುಂಬಿಸಿ ಕಳಿಸಿದ್ದ, ತೆಗೆದುಹಾಕಲು ಬಾರದ ಆ್ಯಪ್‌ಗಳು ಸಂಗ್ರಹದ ದೊಡ್ಡ ಪಾಲನ್ನು ನುಂಗಿದ್ದವು. ಅವುಗಳಲ್ಲಿ ಕೆಲವು ಪರದೆಯ ಮೇಲೆ ಜಾಹೀರಾತನ್ನೂ ತೋರಿಸುತ್ತಿದ್ದವು. ಸ್ಕ್ಯಾನ್ ಮಾಡಿದ ಪಠ್ಯಪುಸ್ತಕದ ಒಂದು ಪುಟ ಮಗುಚಿದರೆ ಮುಂದಿನ ಪುಟ ಕಾಣಲು ಐದಾರು ಸೆಕೆಂಡು ಹಿಡಿಯುತ್ತಿತ್ತು. ದಿನಕ್ಕೆ ನೂರಾರು ಪುಟ ಓದುವವನಿಗೆ ಇದು ಸಣ್ಣ ತೊಂದರೆಯಲ್ಲ. 2024ರ ಜನವರಿಯಲ್ಲಿ ಅವನು, ನನ್ನನ್ನು ಕೇಳದೆಯೇ, ಬೂಟ್‌ಲೋಡರನ್ನು ತೆರೆದು ಲಿನೇಜ್‌ಓಎಸ್ ಆಧರಿಸಿದ ಹಗುರವಾದ ಆಂಡ್ರಾಯ್ಡ್ ಒಂದನ್ನು ಹಾಕಿಕೊಂಡ.

ಬೂಟ್‌ಲೋಡರ್ ಎಂದರೆ ಪವರ್ ಬಟನ್ ಒತ್ತಿದಾಗ ಆಂಡ್ರಾಯ್ಡಿಗಿಂತ ಮೊದಲು ಏಳುವ ಸಣ್ಣ ಪ್ರೋಗ್ರಾಮು. ಮುಂದೆ ಏಳಬೇಕಾದ ವ್ಯವಸ್ಥೆಯ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ದಾರಿ ಬಿಡುವುದು ಅದರ ಕೆಲಸ. ಲಾಕ್ ತೆರೆಯುವುದೆಂದರೆ ಸಹಿ ಇಲ್ಲದ ವ್ಯವಸ್ಥೆಗೂ ದಾರಿ ಬಿಡುವಂತೆ ಅದಕ್ಕೆ ಹೇಳುವುದು. ಜನ ಇದನ್ನೂ ರೂಟ್ ಮಾಡುವುದನ್ನೂ ಒಂದೇ ಎಂದು ತಿಳಿಯುತ್ತಾರೆ, ಸರ್ವಿಸ್ ಸೆಂಟರಿನವರೂ ಹಾಗೆಯೇ ಬರೆಯುತ್ತಾರೆ. ಆದರೆ ಲಾಕ್ ತೆರೆಯುವುದು ಒಂದು ಕ್ರಿಯೆ, ಬೇರೆ ವ್ಯವಸ್ಥೆ ಹಾಕುವುದು ಎರಡನೆಯದು, ವ್ಯವಸ್ಥೆಯ ಎಲ್ಲ ಕಡತಗಳ ಮೇಲೂ ಅಧಿಕಾರ ಕೊಡುವ ರೂಟ್ ಮೂರನೆಯದು. ನಮ್ಮ ಹುಡುಗ ಮೊದಲಿನ ಎರಡನ್ನು ಮಾಡಿದ್ದ, ಮೂರನೆಯದನ್ನು ಮಾಡಿರಲಿಲ್ಲ. ಈ ವ್ಯತ್ಯಾಸ ಮುಂದೆ ನಮ್ಮ ಕೈಹಿಡಿಯಿತು.

ಅವನು ಅನುಸರಿಸಿದ್ದು ಕಳ್ಳದಾರಿಯನ್ನಲ್ಲ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದ; ಅಲ್ಲಿ ಕಂಪನಿಯೇ ಇಟ್ಟಿರುವ ಒಇಎಂ ಅನ್‌ಲಾಕಿಂಗ್ ಗುಂಡಿಯನ್ನು ಆನ್ ಮಾಡಿದ; ಕಂಪನಿಯ ತಾಣದಲ್ಲಿ ಅನುಮತಿಗೆ ಅರ್ಜಿ ಹಾಕಿ, ಒಂದು ಎಚ್ಚರಿಕೆಯ ಸೂಚನೆಗೆ ಟಿಕ್ ಹಾಕಿ, ಏಳು ದಿನ ಕಾದ; ಬಳಿಕ ಟ್ಯಾಬನ್ನು ಫಾಸ್ಟ್‌ಬೂಟ್ ಸ್ಥಿತಿಗೆ ತಂದು ಕಂಪ್ಯೂಟರಿಗೆ ಜೋಡಿಸಿ ಆದೇಶ ಕೊಟ್ಟ; ಟ್ಯಾಬಿನ ಪರದೆ ಕೊನೆಯ ಬಾರಿ ಕೇಳಿದ ಪ್ರಶ್ನೆಗೆ ವಾಲ್ಯೂಮ್ ಬಟನ್ನಿನಿಂದ ಹೌದು ಎಂದ. ಬಾಗಿಲನ್ನು ಮಾಡಿ ಇಟ್ಟವರೂ ಬೀಗದ ಕೈ ಕೊಟ್ಟವರೂ ಅದೇ ಕಂಪನಿಯವರು ಎಂಬುದನ್ನು ನಾನು ಕೊನೆಯವರೆಗೂ ಮರೆಯಲಿಲ್ಲ.

ಲಾಕ್ ತೆರೆದ ಕ್ಷಣದಲ್ಲಿಯೇ ಟ್ಯಾಬಿನಲ್ಲಿದ್ದುದೆಲ್ಲ ಅಳಿಸಿಹೋಯಿತು. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಹಾಗಿಲ್ಲದಿದ್ದರೆ ಟ್ಯಾಬ್ ಕದ್ದವನು ಲಾಕ್ ತೆರೆದು, ತನ್ನದೊಂದು ವ್ಯವಸ್ಥೆ ಹಾಕಿ, ಯಜಮಾನನ ಪಾಸ್‌ವರ್ಡ್ ಇಲ್ಲದೆಯೇ ಅವನ ಕಡತಗಳಿಗೆ ಕೈ ಹಾಕಬಹುದಾಗಿತ್ತು. ಹುಡುಗ ತನ್ನ ಟಿಪ್ಪಣಿಗಳ ಪ್ರತಿ ಇಟ್ಟುಕೊಂಡಿದ್ದ, ಆದರೆ ತರಗತಿಯ ಆ್ಯಪ್‌ನೊಳಗೆ ಇಳಿಸಿಕೊಂಡಿದ್ದ ವಿಡಿಯೊಗಳನ್ನು ಹೊರಗೆ ತೆಗೆಯಲು ಬರುವುದಿಲ್ಲವೆಂದು ಅವನಿಗೆ ತಿಳಿದಿರಲಿಲ್ಲ. ಮೂರು ತಿಂಗಳ ಡೌನ್‌ಲೋಡ್ ಹೋಯಿತು.

ಪುಟಗಳು ಮಾತ್ರ ಈಗ ತಟ್ಟನೆ ಮಗುಚತೊಡಗಿದವು. ಕಳೆದುಕೊಂಡದ್ದೂ ಇತ್ತು. ಬ್ಯಾಂಕಿನ ಆ್ಯಪ್ ಈ ಸಾಧನ ಸುರಕ್ಷಿತವಲ್ಲ ಎಂದು ಹೇಳಿ ತೆರೆದುಕೊಳ್ಳಲೊಲ್ಲದು. ಸಾಧನ ಮೂಲ ಸ್ಥಿತಿಯಲ್ಲಿದೆಯೇ ಎಂದು ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿಯ ಮೂಲಕ ಕೇಳಿ ತಿಳಿಯುತ್ತವೆ. ಸಿನಿಮಾ ತೋರಿಸುವ ಆ್ಯಪ್‌ಗಳಲ್ಲಿ ಚಿತ್ರ ಮಸುಕಾಯಿತು, ಏಕೆಂದರೆ ಹಲವು ಸಾಧನಗಳಲ್ಲಿ ಲಾಕ್ ತೆರೆದ ಕೂಡಲೇ ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆಯ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿಯುತ್ತದೆ, ಆಗ ಎಚ್‌ಡಿ ಸಿಗುವುದಿಲ್ಲ. ಲಾಕ್ ತೆರೆಯುವವರು ವಾರಂಟಿಯ ಬಗ್ಗೆ ಮಾತ್ರ ಕೇಳುತ್ತಾರೆ. ನನ್ನ ಅನುಭವದಲ್ಲಿ ದಿನನಿತ್ಯ ಕಾಡುವುದು ಇವೇ.

ಕೌಂಟರಿನಲ್ಲಿ ನಡೆದದ್ದು

ಮೇ ಮೊದಲ ವಾರದಲ್ಲಿ ಚಾರ್ಜಿಂಗ್ ಕೈಕೊಟ್ಟಿತು. ವೈರಿನ ಪಿನ್ನನ್ನು ಮೇಲಕ್ಕೆ ಒತ್ತಿ ಹಿಡಿದರೆ ಚಾರ್ಜ್ ಆಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಸರ್ವಿಸ್ ಸೆಂಟರಿಗೆ ಹೋಗುವ ಹಿಂದಿನ ರಾತ್ರಿ ಅವನು ನನಗೆ ಫೋನ್ ಮಾಡಿದ. "ಮಾಮಾ, ಬೂಟ್‌ಲೋಡರ್ ಮತ್ತ ಲಾಕ್ ಮಾಡಿ ಒಯ್ಯಲೇನು? ಅವರಿಗಿ ಗೊತ್ತಾಗಂಗಿಲ್ಲ."

ಬೇಡ ಎಂದೆ. ಅದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ತಾಂತ್ರಿಕವಾದುದು: ಕಂಪನಿಯ ಸಹಿ ಇಲ್ಲದ ವ್ಯವಸ್ಥೆ ಒಳಗಿರುವಾಗಲೇ ಲಾಕ್ ಹಾಕಿದರೆ ಬೂಟ್‌ಲೋಡರ್ ಆ ವ್ಯವಸ್ಥೆಯನ್ನು ಏಳಲು ಬಿಡುವುದಿಲ್ಲ, ಟ್ಯಾಬ್ ಪೂರ್ತಿ ಸತ್ತಂತಾಗುತ್ತದೆ, ಮತ್ತು ಆ ಹಾನಿ ನಿಜವಾಗಿಯೂ ಲಾಕಿನಿಂದಲೇ ಆದ ಹಾನಿಯಾಗಿರುತ್ತದೆ. ಎರಡನೆಯದು ನನಗೆ ಹೆಚ್ಚು ಮುಖ್ಯವಾದುದು. ಈ ಮಾತು ಮುಂದೆ ಗ್ರಾಹಕರ ದೂರುಗಳನ್ನು ವಿಚಾರಿಸುವ ಆಯೋಗದವರೆಗೆ ಹೋದರೆ ಅಲ್ಲಿ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ, ಮುಚ್ಚಿಟ್ಟ ಸಂಗತಿಯ ಮೇಲೆ ಕಟ್ಟಿದ ದೂರು ಮೊದಲ ಪ್ರಶ್ನೆಗೇ ಬೀಳುತ್ತದೆ. ಮುಚ್ಚಿಡಲು ಎಲ್ಲ ಸಾಧನಗಳಲ್ಲಿ ಆಗುವುದೂ ಇಲ್ಲ. ಸ್ಯಾಮ್‌ಸಂಗ್ ಸಾಧನಗಳಲ್ಲಿ 2013ರಿಂದ ಬಂದಿರುವ ನಾಕ್ಸ್ ವ್ಯವಸ್ಥೆಯ ಒಳಗೊಂದು ವಿದ್ಯುತ್ ಫ್ಯೂಸ್ ಇದೆ. ಕಂಪನಿಯ ಸಹಿ ಇಲ್ಲದ ವ್ಯವಸ್ಥೆಯನ್ನು ಹಾಕಿದಾಗ ಅದು ಸುಟ್ಟು, ದಾಖಲೆಯ ಅಂಕೆ 0ಯಿಂದ 1ಕ್ಕೆ ಹೋಗುತ್ತದೆ. ಮರಳಿ ಲಾಕ್ ಹಾಕಿದರೂ ಆ ಅಂಕೆ ಹಿಂದಕ್ಕೆ ಬರುವುದಿಲ್ಲ.

ಆದ್ದರಿಂದ ಅವನು ಇದ್ದ ಹಾಗೆಯೇ ಒಯ್ದ. ಕೌಂಟರಿನ ಯುವಕ ಟ್ಯಾಬನ್ನು ಆನ್ ಮಾಡಿದ, ಲಾಕ್ ತೆರೆದಿರುವ ಸಾಧನಗಳಲ್ಲಿ ಪ್ರತಿ ಸಲ ಮೂಡುವ ಎಚ್ಚರಿಕೆಯ ಪರದೆಯನ್ನು ನೋಡಿದ, ಅಲ್ಲಿಗೆ ಪರಿಶೀಲನೆ ಮುಗಿಯಿತು. "ಇದರದು ಬೂಟ್‌ಲೋಡರ್ ಅನ್‌ಲಾಕ್ ಆಗ್ಯಾದ್ರಿ. ವಾರಂಟಿ ಹೋಗ್ಯಾದ. ಬೋರ್ಡ್ ಚೇಂಜ್ ಮಾಡಬೇಕಾಗ್ತದ." ಜಾಕಿನೊಳಗೆ ದೀಪ ಹಿಡಿದು ನೋಡಲಿಲ್ಲ, ಬೇರೆ ವೈರ್ ಚುಚ್ಚಿ ನೋಡಲಿಲ್ಲ. ಆ ಯುವಕನ ಮೇಲೆ ನನಗೆ ಸಿಟ್ಟಿಲ್ಲ; ಎಚ್ಚರಿಕೆಯ ಪರದೆ ಕಂಡರೆ ಹೀಗೆ ಬರೆ ಎಂದು ಅವನಿಗೆ ಯಾರೋ ಕಲಿಸಿರಬೇಕು. ಆದರೆ ಪರೀಕ್ಷಿಸದೆಯೇ ಮದರ್‌ಬೋರ್ಡಿನ ಅಂದಾಜು ಕೊಟ್ಟದ್ದನ್ನು ನಾನು ಒಪ್ಪಲಾರೆ. ಇಂತಹ ಅನೇಕ ಟ್ಯಾಬ್‌ಗಳಲ್ಲಿ ಚಾರ್ಜಿಂಗ್ ಜಾಕ್ ಮದರ್‌ಬೋರ್ಡಿನ ಮೇಲೆ ಇರುವುದೇ ಇಲ್ಲ. ಅದು ತೆಳುವಾದ ಫ್ಲೆಕ್ಸ್ ಪಟ್ಟಿಯಿಂದ ಜೋಡಿಸಿದ ಸಬ್-ಬೋರ್ಡ್ ಎಂಬ ಸಣ್ಣ ತುಂಡಿನ ಮೇಲಿರುತ್ತದೆ. ಈ ಟ್ಯಾಬಿನಲ್ಲಿಯೂ ಹಾಗೆಯೇ ಇತ್ತು ಎಂಬುದು ಆಮೇಲೆ ಗೊತ್ತಾಯಿತು.

ಊರಿನಿಂದ ಅಕ್ಕ ಫೋನ್ ಮಾಡಿ, ಹುಡುಗನೇ ಏನೋ ತಿರುವಿ ಕೆಡಿಸಿಕೊಂಡಿದ್ದಾನೆ, ಕಂಪನಿಯವರದೇನು ತಪ್ಪು ಎಂದು ಕೇಳಿದಳು. ಅವರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಭಾವನವರು ಬೇರೆ ಕಂಪನಿಯ ಟೈರು ಹಾಕಿಸಿಕೊಂಡ ಮೇಲೆ ಸ್ಟಾರ್ಟರ್ ಮೋಟರ್ ಕೆಟ್ಟರೆ, ಟೈರಿನ ನೆಪ ಹೇಳಿ ಡೀಲರ್ ಮೋಟರಿನ ವಾರಂಟಿ ನಿರಾಕರಿಸಿದರೆ ನೀವು ಸುಮ್ಮನಿರುತ್ತೀರಾ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಅಳತಿಗಿಂತ ದೊಡ್ಡ ಟೈರ್ ಹಾಕಿಸಿ ಗೇರ್ ಬಾಕ್ಸ್ ಹೋದ್ರ?" ಎಂದಳು. ಇಡೀ ಪ್ರಕರಣದಲ್ಲಿ ನನಗೆ ಎದುರಾದ ಅತ್ಯಂತ ಸರಿಯಾದ ಪ್ರಶ್ನೆ ಅದೇ. ಹಾಗಾದರೆ ಡೀಲರನ ಮಾತಿಗೆ ಬಲವಿದೆ. ನಮ್ಮದು ಯಾವ ಬಗೆಯದು, ಮೋಟರಿನದೋ ಗೇರ್ ಬಾಕ್ಸಿನದೋ ಎಂಬುದನ್ನು ಮೊದಲು ನಮಗೆ ನಾವೇ ತೋರಿಸಿಕೊಳ್ಳಬೇಕಾಗಿತ್ತು.

ಎರಡು ಕಾಗದಗಳು

ಪುಣ್ಯಕ್ಕೆ ಹುಡುಗ ಡಬ್ಬಿಯನ್ನು ಎಸೆದಿರಲಿಲ್ಲ. ಅದರಲ್ಲಿದ್ದ ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳನ್ನು ಇಬ್ಬರೂ ಕೂತು ಓದಿದೆವು. ವಾರಂಟಿಗೆ ಒಳಪಡದ ಸಂಗತಿಗಳ ಪಟ್ಟಿಯಲ್ಲಿ ಒಂದು ಅಂಶದ ತಾತ್ಪರ್ಯ ಹೀಗಿತ್ತು: ಅನಧಿಕೃತ ವ್ಯಕ್ತಿಗಳು ಸಾಧನವನ್ನು ಬಿಚ್ಚಿದುದರಿಂದ, ರಿಪೇರಿ ಮಾಡಿದುದರಿಂದ ಅಥವಾ ಸಾಫ್ಟ್‌ವೇರನ್ನು ಮಾರ್ಪಡಿಸಿದುದರಿಂದ ಉಂಟಾದ ದೋಷಗಳು. "ಉಂಟಾದ" ಎಂಬ ಒಂದು ಪದದ ಮೇಲೆ ನಮ್ಮ ವಾದವೆಲ್ಲ ನಿಂತಿತು. ಸಾಫ್ಟ್‌ವೇರ್ ಮಾರ್ಪಡಿಸಿದರೆ ವಾರಂಟಿಯೇ ಇಲ್ಲ ಎಂದು ಕಾರ್ಡು ಹೇಳಿರಲಿಲ್ಲ. ಆ ಮಾರ್ಪಾಡು ತಂದ ದೋಷಕ್ಕೆ ವಾರಂಟಿ ಇಲ್ಲ ಎಂದಿತ್ತು. ಕಾರಣ ಮತ್ತು ಕಾರ್ಯದ ಸಂಬಂಧವನ್ನು ಕಂಪನಿಯೇ ತನ್ನ ಕೈಯಾರೆ ಬರೆದುಕೊಟ್ಟಿತ್ತು.

ಎರಡನೆಯ ಕಾಗದ ನಮಗೆ ಅಷ್ಟು ಅನುಕೂಲವಾಗಿರಲಿಲ್ಲ. ಜನವರಿಯಲ್ಲಿ ಕಂಪನಿಯ ತಾಣದಲ್ಲಿ ಟಿಕ್ ಹಾಕಿದ ಸೂಚನೆಯ ಚಿತ್ರವನ್ನು ಅವನು ತೆಗೆದಿಟ್ಟಿದ್ದ. ಲಾಕ್ ತೆರೆಯುವುದರಿಂದ ಸಾಧನದ ಸುರಕ್ಷತೆ ಕುಗ್ಗುತ್ತದೆ, ಮಾಹಿತಿ ಅಳಿಯುತ್ತದೆ, ವಾರಂಟಿ ರದ್ದಾಗಬಹುದು ಎಂದು ಅದರಲ್ಲಿತ್ತು. ಓದಿ ಒಪ್ಪಿದ್ದೇನೆ ಎಂದು ಅವನೇ ಹೇಳಿದ್ದ. ಇದನ್ನು ಇಲ್ಲವೆನ್ನುವಂತಿಲ್ಲ, ನಾವು ಕಂಪನಿಗೆ ಬರೆದ ಪತ್ರದಲ್ಲಿಯೂ ಇಲ್ಲವೆನ್ನಲಿಲ್ಲ. ಆದರೆ "ರದ್ದಾಗಬಹುದು" ಎಂಬುದು "ರದ್ದಾಗುತ್ತದೆ" ಅಲ್ಲ. ಯಾವ ಸಂದರ್ಭದಲ್ಲಿ ರದ್ದಾಗುತ್ತದೆ ಎಂದು ಕೇಳಿದರೆ ಉತ್ತರಕ್ಕೆ ಮತ್ತೆ ಕಾರ್ಡಿಗೇ ಹೋಗಬೇಕು, ಅಲ್ಲಿ "ಉಂಟಾದ ದೋಷ" ಎಂದಿದೆ. ಎರಡು ಅರ್ಥ ಬರುವ ಷರತ್ತನ್ನು ಅದನ್ನು ಬರೆದವರಿಗೆ ವಿರುದ್ಧವಾಗಿ ಅರ್ಥೈಸಬೇಕೆಂಬ ಹಳೆಯ ತತ್ವ ಕರಾರು ಕಾನೂನಿನಲ್ಲಿದೆ, ನಮಗೆ ಅದು ಆಸರೆಯಾಯಿತು.

ಎಲ್ಲ ಕಂಪನಿಗಳೂ ಹೀಗೆ ಬಾಗಿಲು ಅರ್ಧ ತೆರೆದಿಡುವುದಿಲ್ಲ. 2012ರಲ್ಲಿ ಏಸುಸ್ ತನ್ನ ಟ್ರಾನ್ಸ್‌ಫಾರ್ಮರ್ ಪ್ರೈಮ್ ಟ್ಯಾಬಿಗೆ ಲಾಕ್ ತೆರೆಯುವ ಪ್ರೋಗ್ರಾಮನ್ನು ತಾನೇ ಬಿಡುಗಡೆ ಮಾಡಿದಾಗ, ಅದನ್ನು ಬಳಸಿದರೆ ವಾರಂಟಿ ಇಲ್ಲವೆಂದು ನೇರವಾಗಿಯೇ ಹೇಳಿತ್ತು. ಅಂತಹ ಕಾರ್ಡು ನಮ್ಮ ಕೈಯಲ್ಲಿ ಇದ್ದಿದ್ದರೆ ಈ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು. ಹಾಗಾಗಿ ನನ್ನಲ್ಲಿ ಈ ಪ್ರಶ್ನೆ ತರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವುದು ಕಾರ್ಡನ್ನು.

ಜಾಕೋ, ಸಾಫ್ಟ್‌ವೇರೋ

ಕಂಪನಿಯ ಪರವಾಗಿ ಹೇಳಬಹುದಾದುದನ್ನು ಮೊದಲು ಹೇಳಿಬಿಡುತ್ತೇನೆ. ಚಾರ್ಜಿಂಗ್ ಎಂಬುದು ಬರಿಯ ತಂತಿಯ ವ್ಯವಹಾರವಲ್ಲ. ಬ್ಯಾಟರಿಗೆ ಎಷ್ಟು ಕರೆಂಟು ಹೋಗಬೇಕು, ಬಿಸಿಯಾದಾಗ ಎಷ್ಟಕ್ಕೆ ಇಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಚಾರ್ಜಿಂಗ್ ಚಿಪ್ ನೋಡಿಕೊಳ್ಳುತ್ತದೆ, ಆ ಚಿಪ್ಪಿಗೆ ಮಿತಿಗಳನ್ನು ಹೇಳಿಕೊಡುವುದು ಕರ್ನೆಲ್, ಅಂದರೆ ಆಂಡ್ರಾಯ್ಡಿನ ತಿರುಳಾದ ಸಾಫ್ಟ್‌ವೇರ್. ಲಾಕ್ ತೆರೆದು ಬೇರೆ ಕರ್ನೆಲ್ ಹಾಕಿದವನು ಆ ಮಿತಿಗಳನ್ನು ಬದಲಿಸಿರಬಹುದು. ಬೇಗ ಚಾರ್ಜ್ ಆಗಲೆಂದು ಕರೆಂಟನ್ನು ಹೆಚ್ಚಿಸುವ, ಪ್ರೊಸೆಸರಿನ ವೇಗವನ್ನು ನಿಗದಿಗಿಂತ ಮೇಲಕ್ಕೆ ಒಯ್ಯುವ ಕರ್ನೆಲ್‌ಗಳು ಇವೆ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಟ್ಯಾಬಿಗೆ ಉಳಿಯುವ ಅಂತರ ಬಹಳ ಕಡಿಮೆ. ಇಲ್ಲಿ ಬ್ಯಾಟರಿ ಉಬ್ಬಿದ್ದರೆ, ಅಥವಾ ಚಿಪ್ ಸುಟ್ಟಿದ್ದರೆ, ಕಂಪನಿಯ ಅನುಮಾನವನ್ನು ನಾನು ತಳ್ಳಿಹಾಕುತ್ತಿರಲಿಲ್ಲ. ಅಕ್ಕ ಹೇಳಿದ ಗೇರ್ ಬಾಕ್ಸ್ ಅದು.

ಆದರೆ ನಮ್ಮ ದೋಷದ ಲಕ್ಷಣ ಬೇರೆ. ಪಿನ್ನನ್ನು ಒಂದು ಕೋನದಲ್ಲಿ ಒತ್ತಿದರೆ ಚಾರ್ಜ್, ಬಿಟ್ಟರೆ ಇಲ್ಲ. ಪಿನ್ ಯಾವ ಕೋನದಲ್ಲಿದೆ ಎಂಬುದು ಸಾಫ್ಟ್‌ವೇರಿಗೆ ತಿಳಿಯುವ ಸಂಗತಿಯೇ ಅಲ್ಲ. ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಅಂಕಿಗಳಲ್ಲಿ ತೋರಿಸಬೇಕು ಎಂದು ಕಾಲೇಜಿನ ಪ್ರಯೋಗಾಲಯದಿಂದ ಯುಎಸ್‌ಬಿ ಮೀಟರ್ ತಂದೆ. ಚಾರ್ಜರ್ ಮತ್ತು ವೈರಿನ ನಡುವೆ ಸಿಕ್ಕಿಸಿದರೆ ವೋಲ್ಟೇಜನ್ನೂ ಕರೆಂಟನ್ನೂ ತೋರಿಸುವ ಬೆರಳುದ್ದದ ಸಾಧನವದು. ಟ್ಯಾಬಿನ ಜೊತೆ ಬಂದ 5 ವೋಲ್ಟ್ 2 ಆಂಪಿಯರ್ ಚಾರ್ಜರನ್ನೇ ಬಳಸಿದೆವು. ಪಿನ್ ನೆಟ್ಟಗಿದ್ದಾಗ ಮೀಟರಿನಲ್ಲಿ 5.1 ವೋಲ್ಟ್, ಕರೆಂಟು 0. ಮೇಲಕ್ಕೆ ಒತ್ತಿದಾಗ ಕರೆಂಟು 1.4ರಿಂದ 1.6 ಆಂಪಿಯರ್. ಕೈ ಬಿಟ್ಟ ಕೂಡಲೇ ಮತ್ತೆ 0. ಟೈಪ್-ಸಿ ಪಿನ್ನನ್ನು ಮಗುಚಿ ಹಾಕಿದಾಗ, ಒತ್ತಿ ಹಿಡಿದರೂ ಒಮ್ಮೊಮ್ಮೆ ಮಾತ್ರ ಕರೆಂಟು ಹರಿಯುತ್ತಿತ್ತು. ಜಾಕಿನ ಒಳಗಿನ ನಾಲಗೆಯ ಒಂದು ಬದಿಯ ಸಂಪರ್ಕ ಇನ್ನೊಂದು ಬದಿಗಿಂತ ಹೆಚ್ಚು ಹಾಳಾಗಿದೆ ಎಂಬುದಕ್ಕೆ ಇದು ಸೂಚನೆ. ಮೂರು ವೈರುಗಳಲ್ಲಿ, ಎರಡು ಚಾರ್ಜರುಗಳಲ್ಲಿ ಇದೇ ಕತೆ. ಅದೇ ವೈರು ಮತ್ತು ಚಾರ್ಜರ್ ನನ್ನ ಫೋನಿಗೆ ಅಲುಗಾಡದ ಕರೆಂಟು ಕೊಟ್ಟವು. ಟ್ಯಾಬ್ ಆಫ್ ಮಾಡಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಎಲ್ಲವನ್ನೂ ಕತ್ತರಿಸದ ಒಂದೇ ವಿಡಿಯೊದಲ್ಲಿ, ಟ್ಯಾಬಿನ ಹಿಂಬದಿಯ ಸೀರಿಯಲ್ ನಂಬರಿನಿಂದ ಆರಂಭಿಸಿ, ಚಿತ್ರೀಕರಿಸಿದೆವು.

ಟ್ಯಾಬನ್ನು ಬಿಚ್ಚಿ ನೋಡುವ ಆಸೆ ನನಗಿತ್ತು. ಬಿಚ್ಚಲಿಲ್ಲ. ಸಾಫ್ಟ್‌ವೇರಿನ ಲಾಕ್ ತೆರೆದದ್ದಕ್ಕೆ ವಾದವಿದೆ, ಹಿಂಬದಿಯ ಮುಚ್ಚಳವನ್ನು ನಾವೇ ಕಿತ್ತಮೇಲೆ ಜಾಕನ್ನು ಸಡಿಲ ಮಾಡಿದವರು ಯಾರು ಎಂಬ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರುತ್ತಿರಲಿಲ್ಲ.

ಒಂದು ಆಕ್ಷೇಪ ಉಳಿದಿತ್ತು: ಇದೆಲ್ಲ ನಡೆದದ್ದು ಬದಲಿ ವ್ಯವಸ್ಥೆಯ ಮೇಲೆ. ಅದಕ್ಕಾಗಿ ಕಂಪನಿ ತನ್ನ ತಾಣದಲ್ಲಿ ಇಟ್ಟಿದ್ದ ಮೂಲ ಫರ್ಮ್‌ವೇರನ್ನೇ, ಅಂದರೆ ಟ್ಯಾಬಿನ ಜೊತೆ ಬಂದಿದ್ದ ವ್ಯವಸ್ಥೆಯನ್ನೇ, ಮರಳಿ ಹಾಕಲು ನಿರ್ಧರಿಸಿದೆವು. ಇಲ್ಲಿ ಒಂದು ಅಪಾಯವಿತ್ತು, ಹುಡುಗ ಅದನ್ನು ಗಮನಿಸಿರಲಿಲ್ಲ. ಫರ್ಮ್‌ವೇರ್ ಹಾಕುವ ವೈರು ಹೋಗುವುದೂ ಅದೇ ಸಡಿಲ ಜಾಕಿನ ಮೂಲಕ. ನಡುವೆ ಸಂಪರ್ಕ ತಪ್ಪಿದರೆ ಟ್ಯಾಬ್ ಅರ್ಧ ಬರೆದ ವ್ಯವಸ್ಥೆಯೊಂದಿಗೆ ನಿಂತುಬಿಡುತ್ತದೆ. ಹಾಗಾಗಿ ಫೈಲನ್ನು ವೈಫೈಯಿಂದ ಮೆಮರಿ ಕಾರ್ಡಿಗೆ ಇಳಿಸಿಕೊಂಡು, ಆಂಡ್ರಾಯ್ಡ್ ಏಳದೆಯೇ ತೆರೆದುಕೊಳ್ಳುವ ರಿಕವರಿ ಎಂಬ ದುರಸ್ತಿ ಪರದೆಯಿಂದ ಹಾಕಿದೆವು. ಅದಕ್ಕೂ ಮೊದಲು ಬ್ಯಾಟರಿ ಅರ್ಧಕ್ಕಿಂತ ಮೇಲಿರಬೇಕಾಗಿತ್ತು. ಪಿನ್ನಿನ ಕೆಳಗೆ ಮಡಚಿದ ರಟ್ಟು ಇಟ್ಟು, ರಬ್ಬರ್ ಬ್ಯಾಂಡ್ ಸುತ್ತಿ, ಕರೆಂಟು ಹೋಗದಿರಲಿ ಎಂದುಕೊಳ್ಳುತ್ತ ಎರಡು ಗಂಟೆ ಕಾದು ಕೂತೆವು. ಮೂಲ ವ್ಯವಸ್ಥೆ ಬಂದಮೇಲೆ ಮೀಟರ್ ಹಿಡಿದರೆ ಅಂಕಿಗಳು ಮೊದಲಿನಂತೆಯೇ ಇದ್ದವು. ಬೂಟ್‌ಲೋಡರನ್ನು ಮಾತ್ರ ತೆರೆದೇ ಬಿಟ್ಟೆವು, ಎಚ್ಚರಿಕೆಯ ಪರದೆ ಮೊದಲಿನಂತೆ ಮೂಡುತ್ತಿತ್ತು. ನಾವು ಏನನ್ನೂ ಮುಚ್ಚಿಟ್ಟಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿಯಾಗಿ ಇರಲಿ ಎಂದುಕೊಂಡೆ.

ಕಾನೂನಿನ ಆಸರೆ

ಲಾಕ್ ತೆರೆಯುವ ವಿಷಯದಲ್ಲಿ ಹೊರದೇಶಗಳ ನಿಯಮಗಳನ್ನು ನಮ್ಮ ಹುಡುಗರು ಬಾಯಿಪಾಠ ಹೇಳುತ್ತಾರೆ, ಆದರೆ ಅವು ಇಲ್ಲಿಗೆ ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ 2012ರಲ್ಲಿ ಫೋನಿನ ಲಾಕ್ ಮುರಿಯಲು ಕೃತಿಸ್ವಾಮ್ಯ ಕಾನೂನಿನಿಂದ ವಿನಾಯಿತಿ ಸಿಕ್ಕಿತು, ಟ್ಯಾಬಿಗೆ ಸಿಗಲಿಲ್ಲ. ಟ್ಯಾಬ್ ಎಂದರೇನು ಎಂಬುದರ ವ್ಯಾಖ್ಯೆಯೇ ಸ್ಪಷ್ಟವಿಲ್ಲ ಎಂಬ ಕಾರಣ ಕೊಟ್ಟಿದ್ದರು. 2015ರಲ್ಲಿ ಟ್ಯಾಬನ್ನೂ ಸೇರಿಸಿದರು. ಅದು ಲಾಕ್ ತೆರೆಯುವುದು ಅಪರಾಧವೇ ಎಂಬ ಪ್ರಶ್ನೆಗೆ ಉತ್ತರ, ವಾರಂಟಿಗೆ ಅದರಿಂದ ಏನೂ ಆಗುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ ಮಾರಿದವರ ಹೊಣೆ ಎರಡು ವರ್ಷ, ಮೊದಲ ಒಂದು ವರ್ಷದಲ್ಲಿ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಭಾರ ಮಾರಿದವರದು. ಇದು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ, ಆದರೆ ನಮ್ಮ ಕಾಯ್ದೆಯಲ್ಲಿ ಹಾಗೆ ಬರೆದಿಲ್ಲ.

ನಮ್ಮಲ್ಲಿರುವುದು 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಬೂಟ್‌ಲೋಡರ್ ಎಂಬ ಪದ ಅದರಲ್ಲಿಲ್ಲ. ವಸ್ತುವಿನ ಗುಣಮಟ್ಟ ಕಾನೂನಿನ ಪ್ರಕಾರವಾಗಲಿ, ಕರಾರಿನ ಪ್ರಕಾರವಾಗಲಿ ಇರಬೇಕಾದಷ್ಟು ಇಲ್ಲದಿದ್ದರೆ ಅದು ದೋಷ ಎಂದು ಕಾಯ್ದೆ ಹೇಳುತ್ತದೆ. ವಾರಂಟಿ ಕಾರ್ಡು ಒಂದು ಕರಾರು. ಎಂಟು ತಿಂಗಳಲ್ಲಿ ಜಾಕ್ ಸಡಿಲವಾದರೆ ಅದು ಕರಾರಿನ ಒಳಗಿನ ದೋಷವೇ, ಹೊರಗಿನದೇ? ಹೊರಗಿನದು ಎನ್ನುವವರು ಅದನ್ನು ತೋರಿಸಬೇಕು, ಎಚ್ಚರಿಕೆಯ ಪರದೆಯನ್ನು ತೋರಿಸಿದರೆ ಸಾಲದು ಎಂಬುದು ನನ್ನ ವಾದವಾಗಿತ್ತು. ಕಾಯ್ದೆಯ 38ನೆಯ ಕಲಮಿನಲ್ಲಿ ಇದಕ್ಕೊಂದು ದಾರಿಯೂ ಇದೆ: ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಜಿಲ್ಲಾ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ದೂರುದಾರನಿಂದ ಮೊದಲು ಕಟ್ಟಿಸಿಕೊಳ್ಳಬಹುದು.

ದೂರು ಕೊಡಲು ಕಂಪನಿಯ ಮುಖ್ಯ ಕಚೇರಿ ಇರುವ ಊರಿಗೆ ಹೋಗಬೇಕಾಗಿಲ್ಲ. ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೇ ಕೊಡಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ನಮ್ಮಂತಹ ದೂರದ ಜಿಲ್ಲೆಯವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಎಂದಿಲ್ಲ, ದೋಷ ಕಂಡ ಎರಡು ವರ್ಷದೊಳಗೆ ಕೊಡಬೇಕು. ಅರ್ಜಿಯ ಕರಡನ್ನು ನಾನು ಬರೆದೂ ಇಟ್ಟಿದ್ದೆ.

ದೂರು ಸಾಗಿದ ದಾರಿ

ಅದಕ್ಕೂ ಮೊದಲು ಕಂಪನಿಗೆ ಒಂದು ಅವಕಾಶ ಕೊಡಬೇಕಾಗಿತ್ತು. ಮೇ 20ರಂದು ಕಾರ್ಡಿನಲ್ಲಿದ್ದ ವಿಳಾಸಕ್ಕೆ ಇಮೇಲ್ ಕಳಿಸಿದೆವು. ಜನವರಿಯಲ್ಲಿ ಲಾಕ್ ತೆರೆದದ್ದು ನಿಜ ಎಂಬ ವಾಕ್ಯದಿಂದಲೇ ಪತ್ರವನ್ನು ಆರಂಭಿಸಬೇಕೆಂದು ನಾನು ಹಠ ಹಿಡಿದೆ. ಬಳಿಕ ಮೀಟರಿನ ಅಂಕಿಗಳು, ವಿಡಿಯೊ, ಕಾರ್ಡಿನ ಷರತ್ತು, ಕೊನೆಗೆ ಒಂದೇ ಪ್ರಶ್ನೆ: ನಿಮ್ಮ ತಂತ್ರಜ್ಞರ ಅಭಿಪ್ರಾಯದಲ್ಲಿ ಸಾಫ್ಟ್‌ವೇರಿನ ಬದಲಾವಣೆಯು ಜಾಕಿನ ಸಂಪರ್ಕವನ್ನು ಸಡಿಲಗೊಳಿಸಿದ್ದು ಹೇಗೆ ಎಂದು ಬರೆದು ತಿಳಿಸಬೇಕು. ನಾಲ್ಕು ದಿನಗಳ ನಂತರ ಬಂದ ಉತ್ತರದಲ್ಲಿ ಆ ಪ್ರಶ್ನೆಯ ಸುದ್ದಿಯೇ ಇರಲಿಲ್ಲ. ಬೂಟ್‌ಲೋಡರ್ ಅನ್‌ಲಾಕ್ ಆಗಿರುವುದರಿಂದ ಸಾಧನ ವಾರಂಟಿಗೆ ಒಳಪಡುವುದಿಲ್ಲ ಎಂಬ ಜಾಬ್ ಶೀಟಿನ ಸಾಲೇ ತುಸು ಉದ್ದವಾಗಿ ಮರಳಿ ಬಂದಿತ್ತು.

ಮೇ 27ರಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಪಡೆಯುವುದು ಅದರ ಕೆಲಸ. ಆದರೂ ಅಲ್ಲಿಂದ ಹೋದ ಕಾಗದ ಕಂಪನಿಯಲ್ಲಿ ಬೇರೆಯೇ ಮೇಜಿಗೆ ತಲುಪಿತು. ಜೂನ್ 10ರಂದು ಕಂಪನಿಯಿಂದ ಹುಡುಗನಿಗೆ ಫೋನ್ ಬಂತು. ಮಾತನಾಡಿದವರು ತಾಂತ್ರಿಕ ವಿಷಯ ಬಲ್ಲವರು. ರೂಟ್ ಮಾಡಿದ್ದೀರಾ, ಕರ್ನೆಲ್ಲಿನಲ್ಲಿ ಕರೆಂಟಿನ ಮಿತಿ ಬದಲಿಸಿದ್ದೀರಾ ಎಂದು ಕೇಳಿದರು. ಸೆಂಟರಿನಲ್ಲಿ ಯಾರೂ ಕೇಳದ ಸರಿಯಾದ ಪ್ರಶ್ನೆಗಳಿವು. ಎರಡೂ ಇಲ್ಲ ಎಂದು ಅವನು ಸತ್ಯವನ್ನೇ ಹೇಳಿದ. ವಿಡಿಯೊ ನೋಡಿದ್ದೇವೆ, ಟ್ಯಾಬನ್ನು ಮತ್ತೆ ಅದೇ ಸೆಂಟರಿಗೆ ಕೊಡಿ, ಜಾಕನ್ನು ಪರೀಕ್ಷಿಸಲು ಹೇಳುತ್ತೇವೆ ಎಂದರು.

ಜೂನ್ 19ರಂದು ಟ್ಯಾಬ್ ಮರಳಿ ಕೈಸೇರಿತು. ಹೊಸ ಜಾಬ್ ಶೀಟಿನಲ್ಲಿ ದೂರಿಗೂ ತೀರ್ಮಾನಕ್ಕೂ ನಡುವೆ, ಯುಎಸ್‌ಬಿ ಕನೆಕ್ಟರ್ ಸಡಿಲ, ಸಬ್-ಬೋರ್ಡ್ ಬದಲಾಯಿಸಲಾಗಿದೆ ಎಂದು ಬರೆದಿತ್ತು. ಶುಲ್ಕದ ಕಡೆ ₹0. ಮದರ್‌ಬೋರ್ಡಿನ ಮಾತು ಎಲ್ಲಿಯೂ ಇರಲಿಲ್ಲ.

ಇದನ್ನು ಪೂರ್ಣ ಗೆಲುವು ಎಂದು ನಾನು ಕರೆಯುವುದಿಲ್ಲ. ಕಂಪನಿಯ ಪತ್ರದಲ್ಲಿ ಈ ರಿಪೇರಿ ವಿಶೇಷ ಪ್ರಕರಣವೆಂದೂ, ಉಳಿದ ವಾರಂಟಿ ಅವಧಿಯಲ್ಲಿ ಬ್ಯಾಟರಿಯ ಹಾಗೂ ಸಾಫ್ಟ್‌ವೇರಿನ ದೋಷಗಳನ್ನು ಉಚಿತವಾಗಿ ನೋಡಿಕೊಡುವುದಿಲ್ಲವೆಂದೂ ಇತ್ತು. ಸಾಫ್ಟ್‌ವೇರಿನ ಮಾತು ಸರಿ, ಅದನ್ನು ಬದಲಿಸಿದವನು ಹುಡುಗನೇ. ಬ್ಯಾಟರಿಯ ವಿಷಯದಲ್ಲಿ, ದೋಷ ಕಾಣಿಸಿಕೊಳ್ಳುವ ಮೊದಲೇ ಹೊಣೆ ಕಳಚಿಕೊಳ್ಳುವುದು ಕಾರ್ಡಿನ "ಉಂಟಾದ" ಎಂಬ ಪದಕ್ಕೆ ವಿರುದ್ಧ ಎಂದು ನನಗೆ ಈಗಲೂ ಅನಿಸುತ್ತದೆ. ಆಯೋಗಕ್ಕೆ ಹೋಗಿದ್ದರೆ ಅದನ್ನೂ ಕೇಳಬಹುದಾಗಿತ್ತು. ಪರೀಕ್ಷೆ ಹತ್ತಿರ ಬಂದಿತ್ತು, ಹುಡುಗನಿಗೆ ಬೇಕಾಗಿದ್ದುದು ಚಾರ್ಜ್ ಆಗುವ ಟ್ಯಾಬ್, ಅದು ಸಿಕ್ಕಿತು, ಅರ್ಜಿಯ ಕರಡು ನನ್ನ ಬಳಿಯೇ ಉಳಿಯಿತು.

ಜುಲೈಯಲ್ಲಿ ಅವನು ಮೂಲ ವ್ಯವಸ್ಥೆಯ ಮೇಲೆಯೇ ಬೂಟ್‌ಲೋಡರನ್ನು ಮರಳಿ ಲಾಕ್ ಮಾಡಿದ. ಮಾಹಿತಿ ಇನ್ನೊಮ್ಮೆ ಅಳಿಯುತ್ತದೆ ಎಂದು ಈ ಸಲ ಗೊತ್ತಿದ್ದುದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ. ಬ್ಯಾಂಕಿನ ಆ್ಯಪ್ ತೆರೆದುಕೊಂಡಿತು. ಪುಟಗಳು ಮತ್ತೆ ನಿಧಾನವಾದವು. ಸೆಪ್ಟೆಂಬರಿನಲ್ಲಿ ವಾರಂಟಿ ಮುಗಿದ ಮರುದಿನ ಅವನು ಫೋನ್ ಮಾಡಿ, ಈಗ ಮತ್ತೆ ತೆರೆಯಬಹುದಲ್ಲ ಮಾಮಾ ಎಂದು ಕೇಳಿದ. ತರಗತಿಯ ವಿಡಿಯೊಗಳನ್ನು ಫೋನಿಗೆ ಇಳಿಸಿಕೊಂಡೆಯಾ ಎಂದು ಕೇಳಿದೆ. ಇಳಿಸಿಕೊಂಡಿದ್ದ.